ಮನೆಯಲ್ಲಿ ಉಳಿದವರ ಲೆಕ್ಕ

ಮುಂಬೈಯಿಂದ ಗೋವಾಕ್ಕೆ, ಲಕ್ಷದ್ವೀಪಕ್ಕೆ ಹೋಗುವ ಐಷಾರಾಮಿ ಹಡಗಿನ ಮಾತು ಈಗ ಸೊಲ್ಲಾಪುರ ಸೀಮೆಯ ನಮ್ಮ ಹನ್ನೂರಿನಂಥ ಊರಲ್ಲೂ ಕೇಳಿಬರುತ್ತದೆ. ಸೊಲ್ಲಾಪುರದಲ್ಲಿ ನೌಕರಿ ಮಾಡುವ ಹುಡುಗರು ಮೊಬೈಲಿನಲ್ಲಿ ವಿಡಿಯೋ ತೋರಿಸಿ ಲೆಕ್ಕ ಒಪ್ಪಿಸುತ್ತಾರೆ: "ಕಾಕಾ, ಲಾಜಿನ ಬಾಡಿಗಿ, ಎರಡೂ ಹೊತ್ತಿನ ಊಟ, ಗಾಡಿ ಖರ್ಚ, ಹಾಡು-ನಾಟಕ ಎಲ್ಲಾ ಕೂಡಿಸಿ ನೋಡ್ರಿ, ಹಡಗಾ ಸೋವಿ ಬೀಳತದ." ಈ ಲೆಕ್ಕ ಸುಳ್ಳಲ್ಲ. ಹಂಗಾಮಿನ ದಿನಗಳಲ್ಲಿ ಗೋವಾದ ದೊಡ್ಡ ಹೋಟೆಲಿನಲ್ಲಿ ಇಳಿದು ತಿರುಗಾಡುವವರಿಗೆ ಹಡಗು ಅಗ್ಗವಾಗಿಯೇ ಕಾಣಬಹುದು. ಆದರೆ ಒಂದು ರಾತ್ರಿಗೆ ಎಷ್ಟು ಬಿತ್ತು ಎಂದು ಅಳೆದರೆ ಪ್ರವಾಸದ ಬೆಲೆ ತಿಳಿಯುವುದಿಲ್ಲ. ಆ ದುಡ್ಡಿನಲ್ಲಿ ಮನೆಯ ಯಾರು ಹೋದರು, ಯಾರು ಮನೆಯಲ್ಲಿ ಉಳಿದರು ಎಂದು ಕೇಳಬೇಕು.

ಕಾರ್ಡೇಲಿಯಾ ಎಂಬ ಹೆಸರಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಓಡತೊಡಗಿದ ಹಡಗು 1990ರದು. ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಮೂವತ್ತು ವರ್ಷ ಹೊರದೇಶದ ಪ್ರವಾಸಿಗಳನ್ನು ಹೊತ್ತು ಇಲ್ಲಿಗೆ ಬಂದ ಹನ್ನೊಂದು ಅಂತಸ್ತಿನ ಹಡಗದು. ಇಂಥ ಹಡಗುಗಳ ದರವನ್ನು ತಲೆಗೆ ಇಷ್ಟು ಎಂದು ಹೇಳುತ್ತಾರೆ, ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದರೆ. ಒಬ್ಬರೇ ಹೋಗುವ ವಿಧವೆಗೆ ಆ ದರ ಸಿಗುವುದು ಕಷ್ಟ. ಬಂದರು ಶುಲ್ಕ, ತೆರಿಗೆ ಬೇರೆ. ಎಲ್ಲಕ್ಕಿಂತ ಕಡಿಮೆ ದರದ ಕೋಣೆ ಹಡಗಿನ ಒಡಲಲ್ಲಿರುತ್ತದೆ, ಅದಕ್ಕೆ ಕಿಟಕಿಯಿಲ್ಲ. ಹತ್ತಿದ ಕೂಡಲೇ ಕೈಗೊಂದು ಕಾರ್ಡು ಬರುತ್ತದೆ. ಬಾಗಿಲು ತೆರೆಯುವುದೂ ಅದೇ, ತಂಪು ಪಾನೀಯದಿಂದ ಫೋಟೋವರೆಗೆ ಕೊಳ್ಳುವುದೂ ಅದೇ. ಕಿಸೆಯಿಂದ ನೋಟು ಹೊರಗೆ ಬರದ ಕಾರಣ ಕೈ ಹಿಡಿತಕ್ಕೆ ಸಿಗುವುದಿಲ್ಲ, ಇಳಿಯುವ ಹೊತ್ತಿಗೆ ಬಿಲ್ಲು ಕೈಗೆ ಬರುತ್ತದೆ. ಇದು ಯಾರ ಮೋಸವೂ ಅಲ್ಲ, ಆ ವ್ಯಾಪಾರ ನಿಂತಿರುವುದೇ ಹಾಗೆ. ಜಗತ್ತಿನ ಎರಡು ಅತಿ ದೊಡ್ಡ ಕ್ರೂಸ್ ಕಂಪನಿಗಳಾದ ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್‌ಗಳ ವರಮಾನದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಟಿಕೆಟ್ಟಿನ ಹೊರಗಿನದು, ಮುಖ್ಯವಾಗಿ ಹಡಗಿನೊಳಗಿನ ಖರ್ಚಿನದು. ಟಿಕೆಟ್ಟು ಅಗ್ಗವಾಗಲು ಸಾಧ್ಯವಾದದ್ದೂ ಅದರಿಂದಲೇ.

ತಲೆಗೆ 20 ಸಾವಿರ ಎಂದು ಹಿಡಿಯೋಣ. ನಾಲ್ವರ ಮನೆಗೆ 80 ಸಾವಿರ. ಮಹಾರಾಷ್ಟ್ರದಲ್ಲಿ 2025-26ಕ್ಕೆ ಉದ್ಯೋಗ ಖಾತ್ರಿಯ ದಿನಗೂಲಿ 312 ರೂಪಾಯಿ ಇತ್ತು. ಅಂದರೆ ಇನ್ನೂರೈವತ್ತಕ್ಕೂ ಹೆಚ್ಚು ದಿನಗಳ ಕೂಲಿ ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಕಬ್ಬಿನ ಬಿಲ್ಲಿಗಾಗಿ ಕಾಯುವ ರೈತ ಕಂತಿನ ಸಾಲಕ್ಕೆ ಬೀಳಬಹುದು. ಆಗ ಪ್ರವಾಸದ ನೆನಪು ಮಾಸಿದ ಮೇಲೂ ಕಂತು ಉಳಿದಿರುತ್ತದೆ.

ಹಾಗಾದರೆ ಬಡವರ ನಾಡಿನವರು ದೂರದ ಪ್ರವಾಸವನ್ನೇ ಮಾಡಿಲ್ಲವೇ? ಯುಗಾದಿ ಹತ್ತಿರ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟ, ವಿಜಯಪುರ, ಕಲಬುರಗಿಯ ಕಡೆಯಿಂದ ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕು, ಭೀಮನ ಕೊಳ್ಳ ಇಳಿದು ಹತ್ತಿ ಹೋಗುವ ನೂರಾರು ಮೈಲಿಯ ದಾರಿ ಅದು. ಸೊನ್ನಲಿಗೆಯ ಸಿದ್ಧರಾಮ ಬಾಲಕನಾಗಿದ್ದಾಗ ಮಲ್ಲಯ್ಯನನ್ನು ಅರಸಿ ಹೊರಟದ್ದೂ ಶ್ರೀಶೈಲಕ್ಕೇ. ಭ್ರಮರಾಂಬೆ ತಮ್ಮ ಮನೆಮಗಳೆಂದು ನಂಬಿದವರು ಸೀರೆ-ಕುಪ್ಪಸ ಕಟ್ಟಿಕೊಂಡು ಹೋಗುತ್ತಾರೆ. ದಾರಿಯುದ್ದಕ್ಕೂ ದಾಸೋಹ. ಗುರುತು ಪರಿಚಯವಿಲ್ಲದ ಹೆಣ್ಣುಮಗಳೊಬ್ಬಳು ಬಿಸಿನೀರು ತಂದು, ಬೊಬ್ಬೆ ಎದ್ದ ಕಾಲು ತೊಳೆದು, ಎಣ್ಣೆ ತಿಕ್ಕಿ, "ಇನ್ನೊಂದ ರೊಟ್ಟಿ ಹಾಕ್ಕೋರಿ ಯಪ್ಪಾ" ಎನ್ನುತ್ತಾಳೆ. ಇದು ಪುಕ್ಕಟೆಯ ಪ್ರವಾಸವೇನಲ್ಲ. ಜೋಳದ ಚೀಲ ಕೊಟ್ಟವರು, ಟೆಂಟು ಹಾಕಿಸಿದವರು, ರಾತ್ರಿಯೆಲ್ಲ ರೊಟ್ಟಿ ಬಡಿದವರು ಅದರ ಬೆಲೆ ತೆತ್ತಿದ್ದಾರೆ. ನಡೆಯುವವರೂ ಅಷ್ಟು ದಿನದ ಕೂಲಿ ಬಿಟ್ಟಿರುತ್ತಾರೆ. ಆದರೆ ಆ ಬೆಲೆ ಊರೂರಿಗೆ ಹಂಚಿಹೋದದ್ದರಿಂದ ಕಿಸೆಯಲ್ಲಿ ದುಡ್ಡಿಲ್ಲದವನೂ ಹೊರಡಬಲ್ಲ.

ಅಷ್ಟಕ್ಕೇ ಪಾದಯಾತ್ರೆ ಮೇಲು, ಹಡಗು ಕೀಳು ಎನ್ನಲಾರೆ. ಮೊಣಕಾಲು ಹಿಡಿದ ಮುದುಕಿ ನಲ್ಲಮಲ ಹತ್ತಲಾರಳು. ಹಡಗಿನಲ್ಲಿ ಲಿಫ್ಟು ಇದೆ, ಡಾಕ್ಟರರಿದ್ದಾರೆ. ಇನ್ನೊಂದು ಮಾತನ್ನು ಗಂಡಸರು ಗಮನವಿಟ್ಟು ಕೇಳಬೇಕು. ಯಾತ್ರೆಗೆ ಹೋದರೂ ಬುತ್ತಿ ಕಟ್ಟುವುದು, ಕಟಕ ರೊಟ್ಟಿ, ಶೇಂಗಾ ಹಿಂಡಿ ಸಿದ್ಧ ಮಾಡುವುದು ಹೆಂಗಸರೇ. ಛತ್ರದಲ್ಲಿ ಇಳಿದರೂ ಒಲೆ ಹೂಡುವವರು ಅವರೇ. ನಲವತ್ತು ವರ್ಷ ಒಲೆ ಬಿಟ್ಟು ಏಳದವಳು ಮೂರು ದಿನ ಯಾರೋ ಬಡಿಸಿದ್ದನ್ನು ಉಂಡು, ಕಟಕಟೆ ಹಿಡಿದು ನೀರು ನೋಡುತ್ತ ನಿಂತರೆ ಅದಕ್ಕೆ ಬೆಲೆ ಕಟ್ಟಲಾಗದು. ಹಡಗಿನ ನಿಜವಾದ ಮೌಲ್ಯ ನನಗೆ ಕಾಣುವುದು ಇಲ್ಲಿ, ಈಜುಕೊಳದಲ್ಲೋ ಕ್ಯಾಸಿನೋದಲ್ಲೋ ಅಲ್ಲ. ಬರದ ಸೀಮೆಯವರಿಗೆ ಸಮುದ್ರ ನೋಡುವ ಆಸೆ ದೊಡ್ಡದು, ನ್ಯಾಯವಾದದ್ದು. ದುಃಖವೆಂದರೆ ದುಡ್ಡು ಇಬ್ಬರಿಗಷ್ಟೇ ಸಾಲುವಾಗ ಮೊದಲು ಪಟ್ಟಿಯಿಂದ ಬಿಡುವುದು ಅವಳನ್ನೇ: "ಅವ್ವಗ ಸಮುದ್ರ ಯಾಕ, ಆಕಿಗೆ ತಲಿ ತಿರಗತದ."

ಸಮುದ್ರಯಾನ ಯಾವಾಗಲೂ ಹೀಗೆ ಉಳ್ಳವರದ್ದೇ ಆಗಿರಲಿಲ್ಲ. ಮುಂಬೈಯ ಭಾವುಚಾ ಧಕ್ಕೆಯಿಂದ ರತ್ನಾಗಿರಿ, ಮಾಲವಣ, ವೆಂಗುರ್ಲಾ ಮುಟ್ಟುತ್ತ ಪಣಜಿಗೆ ಸ್ಟೀಮರುಗಳು ಓಡುತ್ತಿದ್ದವು. ಗಿರಣಿ ಕೆಲಸಗಾರರು ಡೆಕ್ಕಿನ ಮೇಲೆ ತಮ್ಮ ಚಾಪೆ ಹಾಸಿಕೊಂಡು ಮಕ್ಕಳು ಮರಿಗಳ ಸಮೇತ ಊರಿಗೆ ಹೋಗುತ್ತಿದ್ದರು. ಇಂದಿಗೂ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಎಂ.ವಿ. ಕವರತ್ತಿಯಂಥ ಸರ್ಕಾರಿ ಹಡಗಿನಲ್ಲಿ ಮೇಲ್ದರ್ಜೆಯ ಕ್ಯಾಬಿನ್ನೂ ಇದೆ, ಕಡಿಮೆ ದರದ ಬಂಕ್ ಕ್ಲಾಸೂ ಇದೆ. ಒಂದೇ ಹಡಗು ಇಬ್ಬರನ್ನೂ ಹೊರಬಲ್ಲದು. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ಮುಂಬೈಯಲ್ಲಿ ಕ್ರೂಸ್ ಭಾರತ್ ಮಿಷನ್ ಶುರುಮಾಡಿತು. 2029ರ ಹೊತ್ತಿಗೆ ಕ್ರೂಸ್ ಪ್ರಯಾಣಿಕರನ್ನು ಇಮ್ಮಡಿ ಮಾಡುವುದು ಅದರ ಗುರಿ. ಬಂದರಿಗೆ ಸುರಿಯುವ ಹಣದಲ್ಲಿ ನಮ್ಮ ತೆರಿಗೆಯೂ ಇದೆ. ಅಲ್ಲಿಂದ ಹೊರಡುವ ಹಡಗುಗಳಲ್ಲಿ ಡೆಕ್ ದರ್ಜೆಯೂ ಇರಲಿ ಎಂದು ಕೇಳಲು ಸೊಲ್ಲಾಪುರದ ಬೀಡಿ ಕಟ್ಟುವ ತಾಯಂದಿರಿಗೆ ಪೂರ್ತಿ ಹಕ್ಕಿದೆ.

ಅದು ಆಗುವವರೆಗೆ ನಾನು ಆ ಹುಡುಗರಿಗೆ ಹೇಳುವುದು ಇಷ್ಟು: ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ. ಬೆಳಿಗ್ಗೆ ಮುಂಬೈಯಲ್ಲಿ ಇಳಿದು ಗೇಟ್‌ವೇಯಿಂದ ಮಾಂಡವಾಕ್ಕೆ ಹೋಗುವ ದೋಣಿಯಲ್ಲಿ ಕೂಡಿ. ಸುಮಾರು ಒಂದು ತಾಸಿನ ಸಮುದ್ರ. ಮಳೆಗಾಲದಲ್ಲಿ ಆ ದೋಣಿಗಳು ನಿಲ್ಲುವುದರಿಂದ ದಸರೆ ಕಳೆದ ಮೇಲೆ ಹೊರಡಿ. ಅವ್ವನ ಟಿಕೆಟ್ಟನ್ನು ಮೊದಲು ತೆಗೆಸಿ.