ಕಳೆ ಮೀನು ಎಂದು ಹೆಸರಿಟ್ಟವರು ಯಾರು?

ಮೀನು ಸಾಕಣೆಯ ಕೈಪಿಡಿ ಅನುವಾದಿಸುವಾಗ ಪ್ರತಿ ಸಲ ನನ್ನ ಕೈ ತಡೆಯುವ ಪದವೊಂದಿದೆ: ‘ವೀಡ್ ಫಿಶ್’. ಕನ್ನಡದಲ್ಲಿ ಸಲೀಸಾಗಿ ‘ಕಳೆ ಮೀನು’ ಎಂದು ಬರೆದುಬಿಡಬಹುದು. ಕೊಳ ಸಿದ್ಧಪಡಿಸುವ ಅಧ್ಯಾಯದಲ್ಲೇ ಇದು ಬರುತ್ತದೆ. ನೀರು ಬಸಿಯಿರಿ, ಆಗದಿದ್ದರೆ ಹಿಪ್ಪೆ ಹಿಂಡಿ ಹಾಕಿ, ಇರುವ ಮೀನನ್ನೆಲ್ಲ ತೆಗೆಯಿರಿ, ಆಮೇಲೆ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಡಿ. ಬಾಂಗ್ಲಾದೇಶದಲ್ಲಿ ಈ ಕೆಲಸಕ್ಕೆ ರೋಟೆನೋನ್ ಎಂಬ ವಿಷ. ಅಲ್ಲಿನ ಬಂಗಾಳಿ ಕೈಪಿಡಿಗಳಲ್ಲಿ ‘ರಾಕ್ಷುಸೆ ಓ ಅಬಾಂಛಿತ’ ಮೀನು ಎಂಬ ಜೋಡಿಪದ ಬರುತ್ತದೆ. ರಾಕ್ಷಸ ಮೀನು ಮತ್ತು ಬೇಡದ ಮೀನು. ಮರಿಗಳನ್ನು ನುಂಗುವ ಮೀನಿಗೂ ಬೆರಳುದ್ದದ ಸಾಧು ಮೀನಿಗೂ ಒಂದೇ ಉಸಿರಿನಲ್ಲಿ ಶಿಕ್ಷೆ.

ಆ ಸಾಧು ಮೀನುಗಳಲ್ಲಿ ಒಂದು ಮೋಲಾ. ದೆಹಲಿಯ ಚಿತ್ತರಂಜನ್ ಪಾರ್ಕಿನ ಮೀನು ಮಾರುಕಟ್ಟೆಗೆ ಹೋದವರು ಇದನ್ನು ‘ಮೌರಲಾ’ ಎಂಬ ಹೆಸರಿನಲ್ಲಿ ನೋಡಿರಬಹುದು. ತಲೆ, ಕಣ್ಣು, ಮುಳ್ಳು ಸಮೇತ ತಿನ್ನುವ ಮೀನು. ಟ್ರಿನಿಡಾಡ್‌ನಲ್ಲಿ ಹುಟ್ಟಿದ ಪೌಷ್ಟಿಕತಜ್ಞೆ ಶಕುಂತಲಾ ಥಿಲ್‌ಸ್ಟೆಡ್ ಬಾಂಗ್ಲಾದೇಶದಲ್ಲಿ ಅಪೌಷ್ಟಿಕ ಮಕ್ಕಳ ನಡುವೆ ಕೆಲಸ ಮಾಡುವಾಗ, ಸಣ್ಣ ಮೀನು ತಿಂದರೆ ಶಕ್ತಿ ಬರುತ್ತದೆ ಎಂದು ಹಳ್ಳಿಯ ಹೆಂಗಸರು ಹೇಳುತ್ತಿದ್ದರಂತೆ. ಅವರು ಆ ಮಾತನ್ನು ಪ್ರಯೋಗಾಲಯಕ್ಕೆ ಒಯ್ದರು. 100 ಗ್ರಾಂ ಮೋಲಾದಲ್ಲಿ ಸುಮಾರು 2,500 ಮೈಕ್ರೋಗ್ರಾಂ ವಿಟಮಿನ್ ಎ ಸಿಕ್ಕಿತು. ರೋಹುವಿನಲ್ಲಿ ಇರುವುದು ಹೆಸರಿಗಷ್ಟೇ. ಮೋಲಾದ ವಿಟಮಿನ್ ಹೆಚ್ಚಾಗಿ ಕಣ್ಣು ಮತ್ತು ಕರುಳಿನಲ್ಲಿದೆ, ಹಾಗಾಗಿ ನಾಜೂಕಾಗಿ ತಲೆ ಕತ್ತರಿಸಿದರೆ ಹೋಯಿತು! ಮುಳ್ಳಿನ ಕ್ಯಾಲ್ಸಿಯಂ ಹಾಲಿನದರಷ್ಟೇ ಚೆನ್ನಾಗಿ ಮೈಗೆ ಹತ್ತುತ್ತದೆ ಎಂದೂ ಕಂಡುಬಂತು. 2021ರ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಬಂದದ್ದು ಈ ಕೆಲಸಕ್ಕೆ.

ಪ್ರಶಸ್ತಿಯ ಸುದ್ದಿಗಳು ಬಿಟ್ಟುಬಿಡುವ ವಿಷಯವನ್ನೂ ಹೇಳಬೇಕು. ಮೋಲಾದ ವಿಟಮಿನ್ ಎ ಬಹುಪಾಲು ಡಿಹೈಡ್ರೋರೆಟಿನಾಲ್ ರೂಪದ್ದು, ಅದರ ಪರಿಣಾಮ ಕಡಿಮೆ. ಮಕ್ಕಳ ಮೇಲಿನ ಒಂದು ಪ್ರಯೋಗದಲ್ಲಿ ರಕ್ತದ ವಿಟಮಿನ್ ಮಟ್ಟ ನಿರೀಕ್ಷಿಸಿದಂತೆ ಏರಲಿಲ್ಲ. ಹಾಗಾಗಿ ಮೋಲಾ ಮಾತ್ರೆಯಲ್ಲ, ಊಟ. ಕ್ಯಾಲ್ಸಿಯಂ, ಕಬ್ಬಿಣ, ಸತು ಎಲ್ಲವೂ ಸೇರಿದ ಊಟ. ನನಗೆ ಅಷ್ಟು ಸಾಕು.

ಇದಕ್ಕಿಂತ ನನ್ನನ್ನು ಹಿಡಿದಿಟ್ಟಿದ್ದು ಕೊಳದ ಲೆಕ್ಕ. ಕಾರ್ಪ್ ಮೀನಿನ ಜೊತೆ ಮೋಲಾ ಬಿಟ್ಟರೆ ಒಟ್ಟು ಕಾರ್ಪ್ ಇಳುವರಿಗೆ ಪೆಟ್ಟಿಲ್ಲ ಎಂದು ಬಾಂಗ್ಲಾದೇಶದ ಪ್ರಯೋಗಗಳು ತೋರಿಸಿದವು. ರೋಹು, ಕಾಟ್ಲಾ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸಿದ ಮೇಲೆ ಹ್ಯಾಚರಿಯ ದಾರಿ ತೆರೆಯಿತು. ಅಂದರೆ ಮರಿಯನ್ನು ಮತ್ತೆ ಮತ್ತೆ ಕೊಳ್ಳಬೇಕು. ಮೋಲಾ ಕೊಳದಲ್ಲೇ ಸಂತಾನ ಬೆಳೆಸುತ್ತದೆ. ಒಮ್ಮೆ ಬಿಟ್ಟು, ನೀರು ಬತ್ತದಂತೆ ನೋಡಿಕೊಂಡರೆ ಸಾಕು. ಕಿಕ್ಕಿರಿಯದಂತೆ ಆಗಾಗ ಸ್ವಲ್ಪ ಸ್ವಲ್ಪ ಹಿಡಿಯಲೇಬೇಕು, ಹಿಡಿದದ್ದು ಅಂದಿನ ಸಾರಿಗೆ. ಕಾರ್ಪ್ ಸಂತೆಗೆ ಹೋಗುತ್ತದೆ, ದುಡ್ಡು ಯಾರ ಜೇಬಿಗೋ. ಮೋಲಾ ಒಲೆಯ ಹತ್ತಿರವೇ ಉಳಿಯುತ್ತದೆ. ದೊಡ್ಡ ಮೀನಿನ ತುಂಡುಗಳನ್ನು ಹಂಚುವಾಗ ಒಳ್ಳೆಯ ಭಾಗ ಯಾರ ತಟ್ಟೆಗೆ ಬೀಳುತ್ತದೆ ಎಂಬುದು ನಮಗೆಲ್ಲ ಗೊತ್ತು. ಸೌಟಿನಲ್ಲಿ ಬಡಿಸುವ ಸಣ್ಣ ಮೀನಿನಲ್ಲಿ ಆ ಆಟ ಅಷ್ಟಾಗಿ ನಡೆಯದು.

ಆದರೂ ನಮ್ಮ ಯೋಜನೆಗಳ ಅಳತೆಗೋಲು ಟನ್ನು. 2020ರ ಮತ್ಸ್ಯ ಸಂಪದ ಯೋಜನೆಯ ಗುರಿ 220 ಲಕ್ಷ ಟನ್ ಮೀನು. ಟನ್ನಿನಲ್ಲಿ ತೂಗಿದರೆ ಮೋಲಾಗೆ ಬೆಲೆಯಿಲ್ಲ. ನಮ್ಮ ಕೆರೆಗಳ ಸಾಸಲು ಮೀನಿಗೂ ಅದೇ ಗತಿ. ಗುತ್ತಿಗೆದಾರ ಮರಿ ಬಿಡುವುದು ತೂಕ ಬರುವ ಮೀನಿನದ್ದೇ, ಅವನನ್ನು ದೂರಿ ಫಲವಿಲ್ಲ. ಸಬ್ಸಿಡಿ ಕೊಡುವವರು ಒಂದು ಹಿಡಿ ಸ್ಥಳೀಯ ಸಣ್ಣ ಮೀನನ್ನೂ ಬಿಡಬೇಕೆಂದು ಷರತ್ತು ಹಾಕಲಿ, ವಿಷದ ಅಧ್ಯಾಯವನ್ನು ಮರಿ ನುಂಗುವ ಮೀನಿಗಷ್ಟೇ ಸೀಮಿತಗೊಳಿಸಲಿ. ನಾನಂತೂ ಮುಂದಿನ ಕೈಪಿಡಿಯಲ್ಲಿ ‘ಕಳೆ ಮೀನು’ ಬರೆಯುವುದಿಲ್ಲ, ‘ಸಣ್ಣ ನಾಡಮೀನು’ ಎಂದೇ ಬರೆಯುತ್ತೇನೆ. ಸಂಪಾದಕರು ತಿದ್ದಿದರೆ ಜಗಳವಾಡುತ್ತೇನೆ.