ಮುಗಿಯದ ಕಥೆ, ತೀರದ ಪಾಪ

ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿ, ಮಕ್ಕಳು ಶಾಲೆಯಿಂದ ಮರಳುವ ಮುನ್ನ ದೊರೆಯುವ ಒಂದೆರಡು ತಾಸು ಗೃಹಿಣಿಯ ಪಾಲಿಗೆ ದಿನದ ಏಕೈಕ ಬಿಡುವು. ಹಾಸಿಗೆ ಹಿಡಿದ ಹಿರಿಯರಿಗೋ ಅದು ಎಷ್ಟು ಹೊತ್ತಾದರೂ ಸರಿಯದ ಹೊತ್ತು. ಈ ಏಕಾಂತದ ಬೆಲೆಯನ್ನು ಧರ್ಮಗುರುಗಳಾಗಲಿ ಸಮಾಜ ಸುಧಾರಕರಾಗಲಿ ಅರಿಯುವ ಮೊದಲೇ ಸಾಬೂನಿನ ವ್ಯಾಪಾರಿಗಳು ಅರಿತುಕೊಂಡರು. ಅಮೆರಿಕದ ಸಿನ್ಸಿನಾಟಿ ನಗರದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ತನ್ನ ಆಕ್ಸಿಡಾಲ್ ಎಂಬ ಸೋಪುಪುಡಿಯ ಮಾರಾಟಕ್ಕಾಗಿ 1933ರಲ್ಲಿ 'ಮಾ ಪರ್ಕಿನ್ಸ್' ಎಂಬ ರೇಡಿಯೊ ಧಾರಾವಾಹಿಯನ್ನು ಪ್ರಾಯೋಜಿಸಿತು. ಇಂಥ ಹಗಲು ಧಾರಾವಾಹಿಗಳಿಗೆ 'ಸೋಪ್ ಒಪೆರಾ' ಎಂಬ ಹೆಸರು ಅಂಟಿಕೊಂಡದ್ದು ಹೀಗೆ. ಕೊಳೆ ತೊಳೆಯುವ ವಸ್ತುವನ್ನು ಮಾರಲು ಹೊರಟವರು ಮುಂದೆ ಕೊಳೆಯನ್ನೇ ಪ್ರದರ್ಶನಕ್ಕಿಟ್ಟರೆಂಬುದು ಈ ಹೆಸರಿನೊಳಗೆ ಅಡಗಿರುವ ವಿಡಂಬನೆ.

ಪ್ರಿಯ ಓದುಗರೇ, ಧಾರಾವಾಹಿಗಳಲ್ಲಿ ಪಾಪವನ್ನು ತೋರಿಸುತ್ತಾರೆಂದು ನಾನು ದೂರುವುದಿಲ್ಲ. ಪಾಪವನ್ನು ತೋರಿಸದೆ ಮನುಷ್ಯನ ಕಥೆಯನ್ನು ಹೇಳಲಾಗದು. ನನ್ನ ದೂರು ಬೇರೆಯೇ ಇದೆ: ಅವು ಪಾಪಕ್ಕೂ ಮರಣಕ್ಕೂ ಕ್ಷಮೆಗೂ ಇರುವ ತೂಕವನ್ನು ಕಸಿದುಕೊಳ್ಳುತ್ತವೆ. ಈ ಮಾತನ್ನು ಸಾಬೀತುಪಡಿಸಲು ಈ ಪ್ರಕಾರದ ತವರಿಗೇ ಹೋಗೋಣ.

1937ರ ಜನವರಿಯಲ್ಲಿ ಅಮೆರಿಕದ ರೇಡಿಯೊದಲ್ಲಿ 'ಗೈಡಿಂಗ್ ಲೈಟ್' ಎಂಬ ಧಾರಾವಾಹಿ ಆರಂಭವಾಯಿತು. ದಾರಿ ತೋರುವ ಬೆಳಕು ಎಂಬುದು ಈ ಹೆಸರಿನ ಅರ್ಥ. ಅದನ್ನು ರೂಪಿಸಿದವರು ಶಿಕಾಗೋದ ಇರ್ನಾ ಫಿಲಿಪ್ಸ್. ತಾರುಣ್ಯದಲ್ಲಿ ತಮ್ಮ ಮಗುವನ್ನು ಕಳೆದುಕೊಂಡಾಗ ಆಕೆ ರೇಡಿಯೊದಲ್ಲಿ ಬರುತ್ತಿದ್ದ ಪ್ರೆಸ್ಟನ್ ಬ್ರ್ಯಾಡ್ಲಿ ಎಂಬ ಬೋಧಕರ ಪ್ರವಚನಗಳಿಂದ ಸಾಂತ್ವನ ಪಡೆದಿದ್ದರು. ಆದ್ದರಿಂದಲೇ ಆ ಧಾರಾವಾಹಿಯ ಕೇಂದ್ರ ವ್ಯಕ್ತಿ ಒಬ್ಬ ಸಭಾಪಾಲಕ. ಆತನ ಹೆಸರು ರೆವರೆಂಡ್ ರತ್‌ಲೆಜ್. ಆತನ ಕಿಟಕಿಯಲ್ಲಿ ಉರಿಯುತ್ತಿದ್ದ ದೀಪವೇ ಕಥೆಯ ಶೀರ್ಷಿಕೆ. ಕಷ್ಟದಲ್ಲಿದ್ದವರು ಆ ದೀಪವನ್ನು ಕಂಡು ಆತನ ಬಾಗಿಲು ತಟ್ಟಬಹುದಾಗಿತ್ತು. ಕೆಲವು ಕಂತುಗಳಲ್ಲಿ ಪ್ರವಚನಗಳೂ ಇರುತ್ತಿದ್ದವು.

ಇದೇ ಧಾರಾವಾಹಿ 1952ರಲ್ಲಿ ದೂರದರ್ಶನಕ್ಕೆ ಬಂದಿತು. 1962ರಲ್ಲಿ ಆಗ್ನೆಸ್ ನಿಕ್ಸನ್ ಎಂಬ ಲೇಖಕಿ ಬರ್ಟ್ ಬಾವರ್ ಎಂಬ ಗೃಹಿಣಿಯ ಪಾತ್ರದ ಮೂಲಕ ಗರ್ಭಕೋಶದ ಕ್ಯಾನ್ಸರಿನ ತಪಾಸಣೆಯ ಅಗತ್ಯವನ್ನು ಸ್ತ್ರೀಯರಿಗೆ ತಿಳಿಸಿದರು. 'ಕ್ಯಾನ್ಸರ್' ಎಂಬ ಪದವನ್ನು ಬಳಸಲೂ ಪ್ರಾಯೋಜಕರು ಅನುಮತಿ ನೀಡಿರಲಿಲ್ಲ. ಆದರೂ ಆಕೆ ಹೇಳಬೇಕಾದುದನ್ನು ಹೇಳಿದರು. ಇದನ್ನು ಒಪ್ಪಿಕೊಳ್ಳದಿದ್ದರೆ ನಮ್ಮ ವಾದ ನ್ಯಾಯವಾದುದಾಗದು. ಕಥೆಗೆ ಉಪಕಾರ ಮಾಡುವ ಶಕ್ತಿಯಿದೆ, ಸಂದೇಹವಿಲ್ಲ.

ಆದರೆ ಆ ದೀಪ ಮುಂದೆ ಎತ್ತ ಸಾಗಿತು ನೋಡಿ. ಸಭಾಪಾಲಕರು ಹಿಂದೆ ಸರಿದರು; ಸಿರಿವಂತ ಮನೆತನಗಳ ಹಗೆತನ, ಹಾದರ, ಹತ್ಯೆ, ಮರೆವು ಮುಂದೆ ಬಂದವು. 1998ರಲ್ಲಿ ಇದೇ ಕಥೆಯಲ್ಲಿ, ಪತ್ನಿ ಸತ್ತಳೆಂದು ನಂಬಿದ ಪತಿಯೊಬ್ಬ ವಿಜ್ಞಾನಿಯೊಬ್ಬನ ಸಹಾಯದಿಂದ ಆಕೆಯ ತದ್ರೂಪಿಯನ್ನೇ ಸೃಷ್ಟಿಸಿಕೊಂಡ. ಅನಂತರ ನಿಜವಾದ ಪತ್ನಿ ಜೀವಂತವಾಗಿ ಮರಳಿದಳು! ಶೋಕದಲ್ಲಿರುವವರಿಗೆ ಸಾಂತ್ವನ ಹೇಳಲು ಹುಟ್ಟಿದ ಕಥೆಯಲ್ಲಿ ಕೊನೆಗೆ ಶೋಕಕ್ಕೇ ಸ್ಥಳವಿಲ್ಲದಂತಾಯಿತು. ರೇಡಿಯೊ ಮತ್ತು ದೂರದರ್ಶನ ಸೇರಿ 72 ವರ್ಷ ನಡೆದ ಈ ಧಾರಾವಾಹಿ 2009ರ ಸೆಪ್ಟೆಂಬರ್ 18ರಂದು ನಿಂತಿತು. ಹೇಳಬೇಕಾದುದು ಮುಗಿಯಿತೆಂದು ನಿಲ್ಲಲಿಲ್ಲ. ನೋಡುಗರ ಸಂಖ್ಯೆ ಕುಸಿಯಿತೆಂದು ನಿಂತಿತು.

ಇನ್ನೊಂದು ಉದಾಹರಣೆ ಇದಕ್ಕಿಂತ ಗಂಭೀರವಾದುದು. 1963ರಲ್ಲಿ ಆರಂಭವಾಗಿ ಅರವತ್ತು ವರ್ಷಗಳನ್ನು ದಾಟಿರುವ 'ಜನರಲ್ ಹಾಸ್ಪಿಟಲ್' ಎಂಬ ಧಾರಾವಾಹಿಯಲ್ಲಿ, 1979ರಲ್ಲಿ ಲೂಕ್ ಎಂಬಾತ ಲಾರಾ ಎಂಬ ಯುವತಿಯ ಮೇಲೆ ಅತ್ಯಾಚಾರವೆಸಗುತ್ತಾನೆ. ಆ ಪಾತ್ರಕ್ಕೆ ಜನಪ್ರಿಯತೆ ದೊರೆಯುತ್ತಿದ್ದಂತೆ ಅಪರಾಧಿಯೇ ನಾಯಕನಾದ, ಅಪರಾಧವೇ ಪ್ರಣಯದ ಮುನ್ನುಡಿಯಾಯಿತು. 1981ರ ನವೆಂಬರ್‌ನಲ್ಲಿ ಅವರಿಬ್ಬರ ಮದುವೆಯ ಕಂತುಗಳು ಪ್ರಸಾರವಾದಾಗ ಸುಮಾರು 3 ಕೋಟಿ ಜನ ವೀಕ್ಷಿಸಿದರು. ಆ ಅಪರಾಧವನ್ನು ಅಪರಾಧವೆಂದೇ ಮತ್ತೆ ಎದುರಿಸಿ ನೋಡಲು ಆ ಕಥೆಗೆ 1998ರವರೆಗೆ ಕಾಲ ಬೇಕಾಯಿತು. ನಡುವಿನ ಇಷ್ಟು ವರ್ಷಗಳಲ್ಲಿ ಎಷ್ಟು ಮನೆಗಳ ಹೆಣ್ಣುಮಕ್ಕಳು, ಗಂಡುಮಕ್ಕಳು ಅದರಿಂದ ಏನನ್ನು ಕಲಿತರೆಂದು ಯಾರು ಲೆಕ್ಕವಿಟ್ಟಾರು? ಹಿಂಸೆಯನ್ನು ಪ್ರೀತಿಯೆಂದು ಕರೆದರೆ ಹಿಂಸೆಗೊಳಗಾದವಳು ನ್ಯಾಯವನ್ನು ಯಾವ ಹೆಸರಿನಿಂದ ಕೇಳಬೇಕು?

ಮೂರನೆಯದು 1965ರಲ್ಲಿ ಆರಂಭವಾದ 'ಡೇಸ್ ಆಫ್ ಅವರ್ ಲೈವ್ಸ್'. 1995ರಲ್ಲಿ ಅದರ ನಾಯಕಿ ಮಾರ್ಲೀನಾಳ ಮೈಮೇಲೆ ಸೈತಾನ ಬಂದ. ಒಂದು ಕಾಲದಲ್ಲಿ ಗುರುವಾಗಿದ್ದನೆಂದು ಕಥೆ ಹೇಳಿದ ನಾಯಕನೇ ಆ ಸೈತಾನನನ್ನು ಓಡಿಸಿದ. 2003 ಮತ್ತು 2004ರಲ್ಲಿ ಅದೇ ನಾಯಕಿ ಊರಿನ ಜನರನ್ನು ಒಬ್ಬೊಬ್ಬರನ್ನಾಗಿ ಕೊಂದಳೆಂದು ತೋರಿಸಲಾಯಿತು. ಊರಿಗೇ ಅಜ್ಜಿಯಂತಿದ್ದ ಆಲಿಸ್ ಹಾರ್ಟನ್ ಎಂಬಾಕೆಯೂ ಹತರಾದವರಲ್ಲಿ ಒಬ್ಬಳು. ಮನೆಮನೆಗಳಲ್ಲಿ ಜನ ಅತ್ತರು. ಕೆಲ ತಿಂಗಳ ಬಳಿಕ ಸತ್ತವರೆಲ್ಲರೂ ಒಂದು ದ್ವೀಪದಲ್ಲಿ ಸೆರೆಯಾಗಿ ಕ್ಷೇಮವಾಗಿದ್ದಾರೆಂದು ಗೊತ್ತಾಯಿತು! ಇದೇ ಧಾರಾವಾಹಿಯ ಖಳನಾಯಕ ಸ್ಟೆಫಾನೊ ಡಿಮೆರಾ ಎಷ್ಟು ಸಲ ಸತ್ತು ಎದ್ದನೆಂದರೆ, ಬೂದಿಯಿಂದ ಮೇಲೇಳುವ 'ಫೀನಿಕ್ಸ್' ಪಕ್ಷಿಯ ಹೆಸರೇ ಅವನಿಗೆ ಅಡ್ಡಹೆಸರಾಯಿತು.

ಕ್ರೈಸ್ತರಾದ ನಾವು ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಪುನರುತ್ಥಾನವು ನಮ್ಮ ವಿಶ್ವಾಸದ ಕೇಂದ್ರ. ಆದರೆ ಯೇಸುಸ್ವಾಮಿ ಲಾಸರನನ್ನು ಎಬ್ಬಿಸುವ ಮುನ್ನ ಅವನ ಸಮಾಧಿಯ ಮುಂದೆ ಕಣ್ಣೀರಿಟ್ಟರು. ಪುನರುತ್ಥಾನಗೊಂಡ ಪ್ರಭುವಿನ ದೇಹದಲ್ಲಿ ಮೊಳೆಗಳ ಗುರುತು ಉಳಿದೇ ಇತ್ತು. ಮರಣವನ್ನು ಗೆದ್ದವರೇ ಮರಣವನ್ನು ಅಷ್ಟು ಗಂಭೀರವಾಗಿ ಪರಿಗಣಿಸಿದರು. ಧಾರಾವಾಹಿಯಲ್ಲಿ ಸತ್ತು ಬಂದವನಿಗೆ ಗಾಯವಿಲ್ಲ, ಕೊಂದವಳಿಗೆ ಕಳಂಕವಿಲ್ಲ, ಅತ್ತವರ ಕಣ್ಣೀರಿಗೆ ಅರ್ಥವಿಲ್ಲ. ಅದು ಮರಣದ ಮೇಲಿನ ಜಯವಲ್ಲ, ಮರಣದ ಅಪಹಾಸ್ಯ.

"ಫಾದರ್, ಬೈಬಲಿನಲ್ಲೂ ಕೊಲೆ, ವ್ಯಭಿಚಾರ, ಒಳಸಂಚು ಇವೆಯಲ್ಲ?" ಎಂದು ನೀವು ಕೇಳಬಹುದು. ಇವೆ, ಧಾರಾಳವಾಗಿವೆ. ಸಮುವೇಲನ ಎರಡನೆಯ ಗ್ರಂಥದ 11ನೆಯ ಅಧ್ಯಾಯವನ್ನು ಓದಿ ನೋಡಿ. ಮಹಡಿಯ ಮೇಲಿನ ಅರಸ, ಸ್ನಾನ ಮಾಡುವ ಚೆಲುವೆ, ಯುದ್ಧಭೂಮಿಯಲ್ಲಿರುವ ಪತಿ, ಅನಿರೀಕ್ಷಿತ ಗರ್ಭ, ಆ ಪತಿಯ ಕೈಯಲ್ಲೇ ಕಳುಹಿಸಿದ ಅವನ ಮರಣಪತ್ರ. ಯಾವ ಧಾರಾವಾಹಿಯ ಲೇಖಕನಿಗಾದರೂ ಆರು ತಿಂಗಳಿಗಾಗುವಷ್ಟು ಸರಕು ಅಲ್ಲಿದೆ. ಆದರೆ 12ನೆಯ ಅಧ್ಯಾಯವೂ ಇದೆ. ಪ್ರವಾದಿ ನಾತಾನನು ಬಂದು ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳುತ್ತಾನೆ. ಕಥೆ ಕೇಳಿ ಸಿಡಿದೆದ್ದ ಅರಸನಿಗೆ, ಆ ಕಥೆಯ ಪಾಪಿ ತಾನೇ ಎಂದು ತಿಳಿಯುತ್ತದೆ. ದಾವೀದ ಪಶ್ಚಾತ್ತಾಪಪಡುತ್ತಾನೆ, ದೇವರು ಕ್ಷಮಿಸುತ್ತಾರೆ. ಆದರೂ ಅವನ ಕೃತ್ಯದ ನೋವು ಅವನ ಮನೆಯನ್ನು ಬಿಟ್ಟು ಹೋಗುವುದಿಲ್ಲ. ಧಾರಾವಾಹಿಯಲ್ಲಿ 11ನೆಯ ಅಧ್ಯಾಯ ಮತ್ತೆ ಮತ್ತೆ ಬರುತ್ತದೆ, 12ನೆಯದು ಬರುವುದೇ ಇಲ್ಲ. ಅದನ್ನು ನೋಡುವವರು 'ಆ ಪಾಪಿ ನಾನೇ' ಎಂದುಕೊಳ್ಳುವುದಿಲ್ಲ. 'ಅವಳು ನಮ್ಮ ಓರಗಿತ್ತಿಯಂತೆಯೇ ಇದ್ದಾಳೆ' ಎಂದುಕೊಳ್ಳುತ್ತಾರೆ.

ಏಕೆ ಬರುವುದಿಲ್ಲ? ಧಾರಾವಾಹಿಯ ಲೇಖಕರೆಲ್ಲ ಕೆಟ್ಟವರೆಂದಲ್ಲ. ಆ ಉದ್ಯಮದ ರಚನೆಯೇ ಹಾಗಿದೆ. ವಾರಕ್ಕೆ ಐದಾರು ಕಂತು ಸಾಗಬೇಕು, ಪ್ರತಿ ಕಂತು ಪ್ರಶ್ನೆಯೊಂದಿಗೆ ಮುಗಿಯಬೇಕು, ವಾರದ ಕೊನೆಯ ಕಂತು ಉಳಿದೆಲ್ಲಕ್ಕಿಂತ ದೊಡ್ಡ ಆಘಾತದೊಂದಿಗೆ ನಿಲ್ಲಬೇಕು. ಖಳನು ಮನಃಪೂರ್ವಕವಾಗಿ ಬದಲಾದರೆ ಕಥೆ ನಿಂತುಹೋಗುತ್ತದೆ. ಗಂಡ ಹೆಂಡತಿ ಕುಳಿತು ಹತ್ತು ನಿಮಿಷ ಮಾತನಾಡಿದರೆ ಒಂದು ವರ್ಷದ ಕಥೆ ಕರಗಿಹೋಗುತ್ತದೆ. ಆದ್ದರಿಂದ ಯಾರೂ ಮಾತನಾಡಬಾರದು, ಯಾರೂ ನಿಜವಾಗಿ ಕ್ಷಮಿಸಬಾರದು. ಅಮೆರಿಕದ ದೂರದರ್ಶನ ಉದ್ಯಮದಲ್ಲಿ ಧಾರಾವಾಹಿಯ ಮುಂದಿನ ಕಥಾಯೋಜನೆಯ ಕಡತಕ್ಕೆ 'ಬೈಬಲ್' ಎಂದೇ ಹೆಸರು. ನಮ್ಮ ಬೈಬಲಿಗೆ ಆದಿಯೂ ಅಂತ್ಯವೂ ಇದೆ, ನಡುವೆ ನ್ಯಾಯತೀರ್ಪಿದೆ, ಕರುಣೆಯಿದೆ. ಅವರ ಬೈಬಲಿನಲ್ಲಿ ಮುಂದಿನ ಸೋಮವಾರ ಮಾತ್ರ ಇದೆ.

ಕನ್ನಡದ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಭಾರತದ ಮೊದಲ ಜನಪ್ರಿಯ ಧಾರಾವಾಹಿ 'ಹಮ್ ಲೋಗ್' 1984ರಲ್ಲಿ ಆರಂಭವಾದದ್ದು ಲೋಕಶಿಕ್ಷಣದ ಉದ್ದೇಶದಿಂದ. ಮೆಕ್ಸಿಕೊದ ಮಿಗೆಲ್ ಸಬಿಡೊ ಎಂಬುವರ ಪ್ರಯೋಗಗಳು ಅದಕ್ಕೆ ಪ್ರೇರಣೆ. ಪ್ರತಿ ಕಂತಿನ ಕೊನೆಯಲ್ಲಿ ಹಿರಿಯ ನಟ ಅಶೋಕ್ ಕುಮಾರ್ ಕಾಣಿಸಿಕೊಂಡು ಕಥೆಯ ನೀತಿಯನ್ನು ವಿವರಿಸುತ್ತಿದ್ದರು. ಮ್ಯಾಗಿ ನೂಡಲ್ಸ್‌ನ ಜಾಹೀರಾತು ಅದರ ಬೆನ್ನಿಗಿತ್ತಾದರೂ ಆ ಕಥೆ 1985ರಲ್ಲಿ ಮುಗಿಯಿತು. ಕನ್ನಡದಲ್ಲಿ 1998ರಲ್ಲಿ ದೂರದರ್ಶನದಲ್ಲಿ ಬಂದ 'ಮಾಯಾಮೃಗ' ಮಧ್ಯಮವರ್ಗದ ಮನೆಯ ಸುಖದುಃಖಗಳನ್ನು ಗೌರವದಿಂದ ಕಂಡಿತು, ಅದಕ್ಕೂ ಕೊನೆಯಿತ್ತು. ಆಮೇಲೆ ಬಂದ ಎಷ್ಟೋ ಧಾರಾವಾಹಿಗಳಲ್ಲಿ ನಾವು ಕಾಣುವುದೇನು? ಹಾಲಿಗೆ ವಿಷ ಬೆರೆಸುವ ಅತ್ತೆ, ಮೆಟ್ಟಿಲಿನ ಮೇಲೆ ಎಣ್ಣೆ ಸುರಿಯುವ ನಾದಿನಿ, ಮದುವೆ ಮಂಟಪದಲ್ಲಿ ಬದಲಾಗುವ ವಧು, ಸುಪಾರಿ ಕೊಟ್ಟು ಕೊಲ್ಲಿಸುವ ಚಿಕ್ಕಪ್ಪ. ಸಂಜೆ ನೋಡಿದ್ದನ್ನೇ ಮರುದಿನ ಮಧ್ಯಾಹ್ನ ಮತ್ತೆ ನೋಡಬಹುದು. ತಪ್ಪಿದರೆ ಅಂಗೈಯ ಮೊಬೈಲಿನಲ್ಲಿದೆ. ದಿನದ ಬೇರೆ ಯಾವ ಪಾಠವನ್ನೂ ನಾವು ಇಷ್ಟು ನಿಷ್ಠೆಯಿಂದ ಪುನರಾವರ್ತಿಸುವುದಿಲ್ಲ.

"ಅದು ಬರೀ ಕಥೆ, ನಮಗೆ ಗೊತ್ತಿಲ್ಲವೇ?" ಎಂಬ ಉತ್ತರವನ್ನು ಮನೆಗಳ ಭೇಟಿಯಲ್ಲಿ ಬಹಳ ಸಲ ಕೇಳಿದ್ದೇನೆ. ಗೊತ್ತಿದೆ, ಒಪ್ಪುತ್ತೇನೆ. ಆದರೆ 'ಹಮ್ ಲೋಗ್'ನ ಸಹನಾಮೂರ್ತಿ ತಾಯಿ ಭಾಗವಂತಿಯನ್ನು, ಹೀಗೆ ಎಲ್ಲವನ್ನೂ ನುಂಗಿಕೊಂಡು ಬಾಳಬಾರದೆಂದು ತೋರಿಸಲು ಸೃಷ್ಟಿಸಿದ್ದರೆ, ಅನೇಕ ನೋಡುಗರು ಆಕೆಯನ್ನೇ ಆದರ್ಶವಾಗಿ ಸ್ವೀಕರಿಸಿದ್ದನ್ನು ಸಂಶೋಧಕರು ಕಂಡುಕೊಂಡರು. ನೀತಿ ಹೇಳಲೆಂದೇ ಕಟ್ಟಿದ ಕಥೆಯೇ ಹೀಗೆ ಕೈತಪ್ಪಬಹುದಾದರೆ, ನೀತಿಯ ಗೊಡವೆಯೇ ಇಲ್ಲದ ಕಥೆಯ ಪಾಡೇನು? ದಿನವೂ ಅರ್ಧ ತಾಸು ಅನುಮಾನದ ಅಭ್ಯಾಸ ಮಾಡಿದ ಮನಸ್ಸು ತನ್ನ ಮನೆಯಲ್ಲಿ ಮಾತ್ರ ವಿಶ್ವಾಸದಿಂದ ಇರುವುದೇ? ಸೊಸೆ ಬಾಗಿಲು ಮುಚ್ಚಿ ಫೋನಿನಲ್ಲಿ ಮಾತನಾಡಿದರೆ ಅದು ಸಂಚು, ಅತ್ತೆ ಅಕ್ಕರೆಯಿಂದ ಕರೆದರೆ ಅದು ನಾಟಕ. ಸೈತಾನನು ಗಾಳಿಯಲ್ಲಿ ತೇಲುತ್ತಾ ಬರುತ್ತಾನೆಂದು ತಿಳಿದವರು, ಅವನು ಒಂದೇ ಸೂರಿನಡಿ ಇಬ್ಬರ ನಡುವೆ ಸದ್ದಿಲ್ಲದೆ ಬಂದು ಕೂರುವುದನ್ನು ಗುರುತಿಸುವುದಿಲ್ಲ.

ಪಾಪನಿವೇದನೆಯ ಸಂಸ್ಕಾರಕ್ಕೂ ಇದಕ್ಕೂ ಸಂಬಂಧವಿದೆ. ನಿವೇದನೆಯೆಂದರೆ 'ಇದು ನನ್ನ ತಪ್ಪು' ಎಂದು ಹೇಳಿ ಒಂದು ಕಥೆಯನ್ನು ಮುಗಿಸುವುದು. ಧೂಪದ ಹೊಗೆಯಂತೆ ಪಾಪ ತಾನಾಗಿ ಚದುರಿಹೋಗದು. ಅದನ್ನು ಹೆಸರಿಟ್ಟು ಕರೆಯಬೇಕು, ಕದ್ದುದನ್ನು ಹಿಂದಿರುಗಿಸಬೇಕು, ನೋಯಿಸಿದವರ ಮನೆಯ ಮೆಟ್ಟಿಲು ಹತ್ತಬೇಕು. ಜಕ್ಕಾಯನು ಮಾಡಿದ್ದು ಇದನ್ನೇ. ಪ್ರತಿ ಅಪರಾಧವೂ ಹೊಸ ತಿರುವಿಗೆ ದಾರಿಯಾಗುವ ಕಥೆಗಳಿಗೆ ಒಗ್ಗಿಹೋದವರಿಗೆ, ಎಲ್ಲೋ ಒಂದೆಡೆ ನಿಂತು ಮಂಡಿಯೂರುವುದು ಕಷ್ಟವಾಗುತ್ತದೆ.

ಹಾಗಾದರೆ ಟಿವಿಯನ್ನು ಹೊರಗೆಸೆಯಬೇಕೇ? ಧರ್ಮಸಭೆ ಹಾಗೆ ಹೇಳಿಲ್ಲ. ಜಗದ್ಗುರು 12ನೆಯ ಪಿಯುಸ್‌ರವರು ದೂರದರ್ಶನಕ್ಕೆ ಸಂತ ಕ್ಲಾರಾರನ್ನು ಪಾಲಕಿಯನ್ನಾಗಿ ನೀಡಿದರು. ರೋಗದಿಂದ ಮಲಗಿದ್ದ ಆ ಸಂತರು ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯನ್ನು ತಾವಿದ್ದ ಕೋಣೆಯಿಂದಲೇ ಕಂಡರೆಂಬುದು ನಮ್ಮ ಪರಂಪರೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಸಂಪರ್ಕ ಮಾಧ್ಯಮಗಳ ಕುರಿತ ಆಜ್ಞಾಪತ್ರವು, ಕೇಡನ್ನು ಚಿತ್ರಿಸುವುದರಿಂದಲೂ ಮನುಷ್ಯನ ಅರಿವು ಆಳವಾಗಬಹುದೆಂದು ಒಪ್ಪುತ್ತದೆ. ಆದರೆ ಆ ಚಿತ್ರಣ ನೀತಿಗೆ ಅಧೀನವಾಗಿರಬೇಕೆಂದೂ ಹೇಳುತ್ತದೆ.

ಆದ್ದರಿಂದ ಕುಟುಂಬಗಳಲ್ಲಿ ನನ್ನ ಕೋರಿಕೆ ಮೂರು. ಮೊದಲನೆಯದು, ಕೊನೆಯಿರುವ ಕಥೆಗಳನ್ನು ಆರಿಸಿಕೊಳ್ಳಿ. ಒಂದು ಒಳ್ಳೆಯ ಚಲನಚಿತ್ರ, ಒಂದು ಕಾದಂಬರಿ, ಅಜ್ಜಿ ಹೇಳುವ ಒಂದು ಕಥೆ. ಎರಡನೆಯದು, ಧಾರಾವಾಹಿಯನ್ನು ನೋಡಿದರೆ ಮಕ್ಕಳೊಂದಿಗೆ ಕುಳಿತು ಕೇಳಿ: ಇಂದು ಯಾರಿಗೆ ಅನ್ಯಾಯವಾಯಿತು? ಯಾರು ಕ್ಷಮೆ ಕೇಳಿದರು? ಯಾರು ಕೇಳಲಿಲ್ಲ? ಈ ಮೂರು ಪ್ರಶ್ನೆಗಳ ಮುಂದೆ ಹೆಚ್ಚಿನ ಕಂತುಗಳು ನಿಲ್ಲಲಾರವು.

ಮೂರನೆಯದು ನಮ್ಮ ಧರ್ಮಕೇಂದ್ರಗಳಿಗೂ ನನ್ನ ಸೋದರ ಗುರುಗಳಿಗೂ ಸೇರಿದ್ದು. ಆ ಮಧ್ಯಾಹ್ನದ ಹೊತ್ತಿನಲ್ಲಿ ಅನೇಕರು ಧಾರಾವಾಹಿ ನೋಡುವುದು ಕಥೆಯ ಮೋಹಕ್ಕಲ್ಲ, ಮನುಷ್ಯರ ದನಿಗಾಗಿ. ಮಕ್ಕಳು ದೂರದ ಊರಿನಲ್ಲಿದ್ದಾರೆ, ಮನೆ ಖಾಲಿಯಿದೆ, ಪರದೆಯ ಮೇಲಿನ ಆ ಪರಿಚಿತ ಮುಖಗಳು ದಿನವೂ ತಪ್ಪದೆ ಬರುತ್ತವೆ. ನಾವು ಬರುವುದಿಲ್ಲ. ಸಂತ ವಿನ್ಸೆಂಟ್ ಡಿ ಪಾಲ್ ಸಭೆಯವರು, ಮರಿಯ ಸೇನೆಯ ಸದಸ್ಯರು, ಯುವಕರು, ಗುರುಗಳು ವಾರಕ್ಕೊಂದು ಮಧ್ಯಾಹ್ನ ಇಂಥ ಒಂದು ಮನೆಯ ಬಾಗಿಲು ತಟ್ಟಲಿ. ಅರ್ಧ ತಾಸು ಕುಳಿತು ಅವರ ಮಾತು ಕೇಳಲಿ, ಅವರು ಬಯಸಿದರೆ ಜಪಸರದ ಒಂದು ದಶಕವನ್ನು ಜೊತೆಯಲ್ಲಿ ಪ್ರಾರ್ಥಿಸಲಿ. ಸಾಬೂನಿನ ವ್ಯಾಪಾರಿಗಳು ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ಆ ಮನೆಗಳ ವಿಳಾಸ ಹುಡುಕಿಕೊಂಡರು. ನಮ್ಮ ಬಳಿಯಾದರೋ ಆ ವಿಳಾಸಗಳು ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲೇ ಇವೆ.