ಹಳೆಯದನ್ನು ಮರೆಯದ ಯಂತ್ರ

ಕಾಸರಕೋಡಿನಿಂದ ಶರಾವತಿಯ ಸೇತುವೆಯನ್ನು ದಾಟಿ ದಿನವೂ ಪಾಠ ಹೇಳಲು ಹೋಗುವವನು ನಾನು. ಮೊನ್ನೆ ತರಗತಿಯಲ್ಲಿ ಪಂಪನ ಕಾವ್ಯವನ್ನು ತೆರೆದೊಡನೆ ವಿದ್ಯಾರ್ಥಿಯೊಬ್ಬನು ಎದ್ದು, "ಸರ್, ಕಂಪ್ಯೂಟರಿನ ಕಾಲದಲ್ಲಿ ಹಳಗನ್ನಡ ನಮಗೇಕೆ?" ಎಂದು ಕೇಳಿದನು. ಒಡನೆ ಉತ್ತರ ತೋಚಲಿಲ್ಲ. ಮನೆಗೆ ಬಂದು ಆ ಕಂಪ್ಯೂಟರಿನ ವಂಶಚರಿತ್ರೆಯನ್ನೇ ಓದಿದೆನು. ಉತ್ತರ ಅಲ್ಲಿಯೇ ದೊರೆಯಿತು.

ಮೇಜಿನ ಮೇಲಿನ ಬಹುಪಾಲು ಕಂಪ್ಯೂಟರುಗಳ ಪ್ರೊಸೆಸರ್, ಎಂದರೆ ಅವುಗಳ ಮಿದುಳು, ಒಂದೇ ಮನೆತನಕ್ಕೆ ಸೇರಿದುದು. 1978ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 8086 ಅದರ ಮೂಲಪುರುಷ. ಅದರಲ್ಲಿ ಇದ್ದ ಟ್ರಾನ್ಸಿಸ್ಟರುಗಳು ಸುಮಾರು 29,000. 1985ರ 386ರಲ್ಲಿ ಅವು 2,75,000 ಆದುವು. 1993ರ ಪೆಂಟಿಯಂನಲ್ಲಿ 31 ಲಕ್ಷ. 2008ರಲ್ಲಿ ದೊಡ್ಡ ಯಂತ್ರಗಳಿಗಾಗಿ ಬೆಂಗಳೂರಿನ ಎಂಜಿನಿಯರರು ರೂಪಿಸಿದ ಇದೇ ಕುಲದ ಕ್ಸಿಯಾನ್‌ನಲ್ಲಿ ಸುಮಾರು 190 ಕೋಟಿ!

ಆದರೆ ಸೋಜಿಗವಿರುವುದು ಸಂಖ್ಯೆಯಲ್ಲಿ ಅಲ್ಲ. ಪ್ರತಿಯೊಂದು ತಲೆಮಾರೂ ಹಿರಿಯರ ಆಜ್ಞೆಗಳ ಭಾಷೆಯನ್ನು ಅರಿತೇ ಹುಟ್ಟಿತು. ಹೊಸ ಮಾತುಗಳನ್ನು ಕೂಡಿಸಿಕೊಂಡಿತು, ಹಳೆಯವನ್ನು ಅಳಿಸಿಹಾಕಲಿಲ್ಲ. ಇಂದಿಗೂ ಈ ಕುಲದ ಪ್ರೊಸೆಸರು ವಿದ್ಯುತ್ತು ಹರಿದೊಡನೆ ಮೊದಲು ಕಣ್ದೆರೆಯುವುದು ಆ 8086ರ ರೀತಿಯಲ್ಲಿ. ಬಳಿಕ ತನ್ನ ಪೂರ್ಣಶಕ್ತಿಗೆ ಏರುತ್ತದೆ.

ಈ ಪರಂಪರೆಯನ್ನು ಹೊರೆಯೆಂದು ಬಗೆದವರೂ ಉಂಟು. ಇಂಟೆಲ್ ಸಂಸ್ಥೆಯೇ 2001ರಲ್ಲಿ ಐಟೇನಿಯಂ ಎಂಬ ಬೇರೆ ಕುಲವನ್ನು ಹುಟ್ಟುಹಾಕಿತು. ಹಳೆಯ ಪ್ರೋಗ್ರಾಮುಗಳು ಅದರಲ್ಲಿ ಕುಂಟುತ್ತ ನಡೆದುವು. 2003ರಲ್ಲಿ ಎದುರಾಳಿಯಾದ ಎಎಂಡಿ ಹಳೆಯ ಭಾಷೆಯನ್ನೇ 64 ಬಿಟ್ಟುಗಳಿಗೆ ಹಿಗ್ಗಿಸಿತು. ಮರುವರ್ಷ ಇಂಟೆಲ್ಲೂ ಆ ಹಾದಿಯನ್ನೇ ಹಿಡಿಯಿತು. ಐಟೇನಿಯಂನ ಕೊನೆಯ ಕಂತು 2021ರಲ್ಲಿ ಹೊರಬಿದ್ದು, ಆ ಕುಲ ಅಲ್ಲಿಗೆ ನಿಂತಿತು.

ಇದರಿಂದ ಎಲ್ಲರೂ ಹಳಗನ್ನಡದಲ್ಲಿಯೇ ಬರೆಯಬೇಕೆಂದು ನಾನು ವಾದಿಸುವುದಿಲ್ಲ. 8086ರ ವೇಗದಲ್ಲಿ ಇಂದು ಯಾರೂ ಕೆಲಸ ಮಾಡರು. ಹಳೆಯದನ್ನು ಉಳಿಸಿಕೊಳ್ಳುವುದಕ್ಕೆ ಶ್ರಮದ ಬೆಲೆಯೂ ಉಂಟು. ಆದರೆ ಬರೆಯುವುದು ಬೇರೆ, ಓದಿ ತಿಳಿಯುವುದು ಬೇರೆ. ನಮ್ಮ ಜಿಲ್ಲೆಯ ಬನವಾಸಿಗೆ ಮನಸೋತು ಕ್ರಿ.ಶ. 941ರ ಸುಮಾರಿಗೆ ಕಾವ್ಯ ರಚಿಸಿದ ಕವಿಯನ್ನು ನಮ್ಮ ಜಿಲ್ಲೆಯ ಹುಡುಗನೇ ಓದಲಾರನೆಂದರೆ, ಒಂದು ಯಂತ್ರಕ್ಕಿರುವ ನೆನಪೂ ನಮಗೆ ಇಲ್ಲವೆಂದಾಯಿತು.

ತಪ್ಪು ಹುಡುಗನದಲ್ಲ. ಪರೀಕ್ಷೆಗಾಗಿ ಸಾರಾಂಶವನ್ನು ಬರೆಯಿಸಿ, ಪದ್ಯವನ್ನು ಓದಿಸದೆ ಬಿಟ್ಟ ಅಧ್ಯಾಪಕರು ನಾವು. ಅವರಲ್ಲಿ ನಾನೂ ಒಬ್ಬನು. ನಾಳೆಯ ತರಗತಿಯಲ್ಲಿ ಸಾರಾಂಶವನ್ನು ಬದಿಗಿಟ್ಟು, ಅವನ ಕೈಗೆ ಪುಸ್ತಕವನ್ನು ಕೊಟ್ಟು, ಒಂದೊಂದೇ ಪದವನ್ನು ಬಿಡಿಸಿ ಓದಿಸಬೇಕೆಂದಿದ್ದೇನೆ.